ಉಮ್ಮರ್ ಟೈಪ್ ಮಾಡಿದ ಉಗ್ರ ಖಂಡನೆ

ಎರಡು ಸಾವಿರದ ಒಂದನೇ ಇಸವಿಯಲ್ಲಿ ಸಿದ್ಧಕಟ್ಟೆಯ ಯಾವ ನಾಯಕನಿಗೆ ಸಿಟ್ಟು ಬಂದರೂ ಅದು ಉಮ್ಮರನ ಗೂಡಂಗಡಿಯ ಟೈಪ್‌ರೈಟರನ್ನು ಹಾದೇ ಪತ್ರಿಕೆಗೆ ಹೋಗಬೇಕಿತ್ತು. ಬೆಳಿಗ್ಗೆ ಜತ್ತಪ್ಪನವರು ಬಂದು ಎದುರು ಪಕ್ಷದ ಚಿನ್ನಯ್ಯನವರನ್ನು ಖಂಡಿಸಿದರೆ, ಮಧ್ಯಾಹ್ನ ಚಿನ್ನಯ್ಯನವರು ಅದೇ ಸ್ಟೂಲಿನಲ್ಲಿ ಕುಳಿತು ಜತ್ತಪ್ಪನವರನ್ನು ಖಂಡಿಸುತ್ತಿದ್ದರು. ಇಬ್ಬರೂ ಹೇಳುತ್ತಿದ್ದುದು ನಾಲ್ಕೇ ಮಾತು; ಗುಡುಗು ಸಿಡಿಲೆಲ್ಲ ಉಮ್ಮರನದು. ಮನೆಯಲ್ಲಿ ಇರುವೆಯನ್ನೂ ಗದರಿಸದ ಈ ಮನುಷ್ಯನ ಬೆರಳುಗಳಿಂದ ಮೂರು ಸರಕಾರಗಳು ಛೀಮಾರಿ ಹಾಕಿಸಿಕೊಂಡಿದ್ದವು.

ಒಂದು ದಿನ ಜತ್ತಪ್ಪನವರು ಹೇಳಿದರು: "ಬರೆ ಮಾರಾಯ. ರಸ್ತೆ ಬದಿಯ ಗೂಡಂಗಡಿ ತೆಗೆಸದ ಪಂಚಾಯತಿಗೆ ಉಗ್ರ ಖಂಡನೆ."

"ಗೂಡಂಗಡಿ ಅಂದ್ರೆ ಇದೂ ಬಂತಲ್ಲ ಜತ್ತಪ್ಪಣ್ಣ?"

"ಬಂತು. ತತ್ವ ಅಂದ್ರೆ ತತ್ವ. ನೀನು ಬೇಜಾರು ಮಾಡಬೇಡ. ನಾನು ಚಾ ಕುಡಿದು ಬರ್ತೇನೆ."

ಊಟದ ಬುತ್ತಿ ತಂದಿದ್ದ ಉಮ್ಮರನ ಹೆಂಡತಿ ಸಾಲಿಹಾ ಕೆಂಡವಾದಳು. "ನಿಮ್ಮ ಅಂಗಡಿ ಕೆಡವಲಿಕ್ಕೆ ನೀವೇ ಬರೆದು ಕೊಡುವುದಾ?"

"ನೀನು ನೋಡ್ತಾ ಇರು," ಎಂದು ಉಮ್ಮರ್ ಬೆರಳಿನ ನೆಟಿಗೆ ಮುರಿದು, ಯಕ್ಷಗಾನದ ರಂಗಸ್ಥಳಕ್ಕೆ ನುಗ್ಗುವ ರಕ್ಕಸನ ಬಣ್ಣದ ವೇಷದಂತೆ ಕೀಲಿಗಳ ಮೇಲೆ ಎರಗಿದ.

ತನ್ನ ಅಂಗಡಿಯನ್ನು ಅವನು 'ಊರಿನ ಹಣೆಯ ಮೇಲಿನ ಕಳಂಕ' ಎಂದು ಬೈದ. ಕೆಳಗೆ, 'ಬಡ ಟೈಪಿಸ್ಟನನ್ನು ಬೀದಿಯಲ್ಲಿ ಕೂರಿಸಿದ ಪಂಚಾಯತಿಗೆ ಧಿಕ್ಕಾರ! ಹದಿನೈದು ದಿನದೊಳಗೆ ಮಾರುಕಟ್ಟೆ ಕಟ್ಟಡದ ಖಾಲಿ ಕೋಣೆಯನ್ನು ಅವನಿಗೆ ಕೊಡದಿದ್ದರೆ ಸ್ವತಃ ನಾನೇ ಧರಣಿ ಕೂರುತ್ತೇನೆ' ಎಂದು ಜತ್ತಪ್ಪನವರ ಹೆಸರಿನಲ್ಲೇ ಸೇರಿಸಿದ.

ಚಾ ಮುಗಿಸಿ ಬಂದ ಜತ್ತಪ್ಪನವರ ಮುಂದೆ ಹಾಳೆ ಹಿಡಿದ. "ಒಮ್ಮೆ ಓದಿ ನೋಡಿ ಜತ್ತಪ್ಪಣ್ಣ."

"ಎಂಥ ಓದುವುದು? ಉಗ್ರ ಉಂಟಲ್ಲ, ಸಾಕು." ಸಹಿ ಬಿತ್ತು.

ಮರುದಿನ ಅವರು ಪತ್ರಿಕೆ ಹಿಡಿದು ಓಡಿ ಬಂದರು. "ನಿನಗೋಸ್ಕರ ನಾನು ಧರಣಿ ಕೂರುವುದಾ?"

"ಬೇಡದಿದ್ರೆ ಹೇಳಿಕೆ ವಾಪಸ್ ಅಂತ ಬರೆಯುವ. ಆದ್ರೆ ಚಿನ್ನಯ್ಯಣ್ಣ ಆಗಲೇ ಬಂದಿದ್ರು. ನೀವು ಹಿಂದೆ ಸರಿದ್ರೆ ಅವರೇ ಕೂರ್ತಾರಂತೆ."

ಜತ್ತಪ್ಪನವರ ಮೀಸೆ ನೆಟ್ಟಗಾಯಿತು. "ಅವನು ಕೂರುವುದಾ? ಈಗಲೇ ಶಾಮಿಯಾನಕ್ಕೆ ಹೇಳ್ತೇನೆ!"

ಹದಿನಾರನೇ ದಿನ ಜತ್ತಪ್ಪನವರು ಹಾರ ಹಾಕಿಕೊಂಡು ಕುಳಿತರು. ಎರಡೇ ಗಂಟೆಯಲ್ಲಿ ಪಂಚಾಯತ್ ಮಣಿಯಿತು. ಗೂಡಂಗಡಿ ಹೋಯಿತು, ಕೋಣೆ ಬಂತು.

ಅಲ್ಲಿಗೆ ಮೊದಲು ಬಂದ ಗಿರಾಕಿ ಸ್ವತಃ ಪಂಚಾಯತ್ ಅಧ್ಯಕ್ಷರು. ಧರಣಿಗೆ ಹೆದರಿ ಕೋಣೆ ಕೊಟ್ಟರೆಂಬ ಆರೋಪವನ್ನು ಅವರು ಉಗ್ರವಾಗಿ ಖಂಡಿಸಬೇಕಿತ್ತು.

"ಕೂತ್ಕೊಳ್ಳಿ ಸರ್, ಫ್ಯಾನ್ ಉಂಟು," ಎಂದು ಉಮ್ಮರ್ ಹೊಸ ಹಾಳೆ ಏರಿಸಿದ.