ಹಳದಿ ಬೀಗದ ಅಕ್ಕ

ಬಿಸ್ಕತ್ತು ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಅವಳು ಹಳದಿ ಅಕ್ಕ. ಯಂತ್ರದೊಳಗೆ ಇಳಿಯುವ ಮುನ್ನ ಸ್ವಿಚ್ ಆರಿಸಿ, ಹಿಡಿ ಮತ್ತೆ ಮೇಲೇಳದಂತೆ ಅದರ ತೂತಿಗೆ ತಂತಮ್ಮ ಬೀಗ ಜಡಿಯಬೇಕೆಂಬುದು ಅಲ್ಲಿನ ಕಟ್ಟುನಿಟ್ಟು. ಕರೆಂಟಿನವರದು ಕೆಂಪು, ಫಿಟ್ಟರುಗಳದು ನೀಲಿ, ತೊಳೆಯುವವರದು ಹಳದಿ. ಬೀಗದ ಮೇಲೆ ಹೆಸರಿಲ್ಲ. ಒಳಗೆ ಯಾರಿದ್ದಾರೆಂದು ಬಣ್ಣ ನೋಡಿಯೇ ತಿಳಿಯಬೇಕು. ಹಾಕಿದವರೇ ತೆಗೆಯಬೇಕು. ಇದನ್ನು ಹೊಸಬರಿಗೆ ಹೇಳಿ ಹೇಳಿ ಅವಳು ತಲೆ ತಿನ್ನುತ್ತಿದ್ದಳು. ತನ್ನ ಬೀಗ ಯಾರಾದರೂ ಕೇಳಿದರೋ, "ನಿನ್ನ ಹಲ್ಲುಜ್ಜೋ ಬ್ರಷ್ ಕೊಡ್ತೀಯೇನೋ ನಂಗೆ?" ಎಂದು ಜಾಡಿಸುತ್ತಿದ್ದಳು.

ಇಂಥವಳಿಗೆ ಗಂಟುಬಿದ್ದ ಗಂಡ ಅಲ್ಲೇ ಫಿಟ್ಟರು, ಮಹಾ ಮರೆಗುಳಿ. ಕನ್ನಡಕ ಮೂಗಿನ ಮೇಲಿಟ್ಟುಕೊಂಡು ಮನೆಯೆಲ್ಲ ಹುಡುಕುವ ಪೈಕಿ. ಆ ಸಂಜೆ ಅವಳು ಹಿಟ್ಟು ಕಲೆಸುವ ಯಂತ್ರ ತೊಳೆದು ಬೀಗ ತೆಗೆಯುತ್ತಿದ್ದಾಗ ಬಂದು ಹಲ್ಲು ಕಿರಿದ.

"ಲೇ, ನನ್ ಬೀಗ ಮನೇಲೇ ಬಿಟ್ಟೆ ಕಣೇ. ಒಳಗೆ ಒಂದು ಬೋಲ್ಟ್ ಬಿಗಿ ಮಾಡೋದಿದೆ ಅಷ್ಟೆ. ನಿಂದೇ ಇರ್ಲಿ ಬಿಡು, ಕೀ ಕೊಡು. ಮೇಸ್ತ್ರಿ ಹತ್ರ ಹೋದ್ರೆ ಉಗೀತಾರೆ."

"ತಲೆ ಕತ್ತಿಗೆ ಅಂಟಿರೋದಕ್ಕೆ ಸರಿಹೋಯ್ತು, ಇಲ್ಲಾಂದ್ರೆ ಅದನ್ನೂ ಮನೇಲೇ ಬಿಟ್ಟು ಬರ್ತಿದ್ರಿ," ಎಂದು ಬೈಯುತ್ತಲೇ ಕೀ ಕೊಟ್ಟಳು. ಲೋಕಕ್ಕೆಲ್ಲ ಬುದ್ಧಿ ಹೇಳುವವಳು ಗಂಡನ ಮುಂದೆ ಕರಗಿದಳು ನೋಡಿ.

ಅರ್ಧ ಗಂಟೆಯ ಮೇಲೆ ಕೆಲಸ ಮುಗಿಸಿ ಗೇಟಿಗೆ ಬಂದಾಗ ಕಾವಲುಗಾರ ನಕ್ಕ. "ಏನಕ್ಕಾ, ಊರಿಗೆಲ್ಲ ಪಾಠ ಹೇಳಿ ನೀನೇ ಬೀಗ ಮರೆತ್ಯಾ? ತೊಳೆಯೋರೆಲ್ಲ ಹೊರಟ್ರು, ಹಳದಿ ಬೀಗ ಮಾತ್ರ ನೇತಾಡ್ತಿದೆ ಅಂತ ಮೇಸ್ತ್ರಿ ಕಟರ್ ತಗೊಂಡು ಹೋದ್ರು."

ಮೊದಲು ಅವಳಿಗೆ ಸಿಟ್ಟು ಬಂತು. ನಾನು ಮರೆಯುವುದೇ? ಮರುಕ್ಷಣ ಕೀ ಕೊಟ್ಟದ್ದು ನೆನಪಾಯಿತು. ಗಂಡ ಇನ್ನೂ ಹೊರಗೆ ಬಂದಿಲ್ಲ. ನೀಲಿ ಬೀಗ ಕಾಣದ ಮೇಲೆ ಒಳಗೊಬ್ಬ ಫಿಟ್ಟರು ಇದ್ದಾನೆಂದು ಮೇಸ್ತ್ರಿಗೆ ತಿಳಿಯುವುದಾದರೂ ಹೇಗೆ? ಅಯ್ಯೋ, ಕೈಯಾರೆ ಕೊಂದೆನಲ್ಲ!

ಊಟದ ಡಬ್ಬಿ ಎಲ್ಲಿ ಬಿತ್ತೋ ಏನೋ. ಎದ್ದೆನೋ ಬಿದ್ದೆನೋ ಎಂದು ಓಡಿದಳು. "ನಿಲ್ಸಿ!" ಎಂದು ಅರಚಿದ್ದು ಪಕ್ಕದ ಯಂತ್ರಗಳ ಸದ್ದಿನಲ್ಲಿ ಅವಳಿಗೇ ಕೇಳಿಸಲಿಲ್ಲ. ಕಣ್ಣೆದುರೇ ಬೀಗ ತುಂಡಾಗಿ ನೆಲಕ್ಕೆ ಬಿತ್ತು. ಮೇಸ್ತ್ರಿ ಹಿಡಿಗೆ ಕೈ ಹಾಕಿದ. ಅವಳು ನುಗ್ಗಿ ಬಂದು ಆ ತೂತಿಗೆ ತನ್ನ ಬೆರಳನ್ನೇ ತುರುಕಿದಳು. ಹಿಡಿ ಬೆರಳಿಗೆ ಬಡಿದು ನಿಂತಿತು.

"ಏಯ್, ತಲೆ ಕೆಟ್ಟಿದ್ಯಾ ನಿಂಗೆ?"

"ಒಳಗೆ... ನಮ್ಮನೆಯವ್ರು..."

ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. ಯಂತ್ರದ ಹಿಟ್ಟಿನ ತೊಟ್ಟಿಯ ಬಾಯಿಗೆ ಬಗ್ಗಿದ. ಒಳಗಿಂದ ಸ್ಪ್ಯಾನರಿನ ಟಣಟಣ, ಅದರ ಹಿಂದೆಯೇ ದನಿ: "ಯಾರ್ರೀ ಅದು? ಸ್ವಲ್ಪ ಟಾರ್ಚ್ ಹಿಡೀರಿ, ಬೋಲ್ಟ್ ಬೀಳಿಸ್ಕೊಂಡೆ."

ಮೇಸ್ತ್ರಿ ಅವನನ್ನು ಕೂಗಿ ಹೊರಗೆ ಕರೆದ. ಗಂಡ ಗ್ರೀಸು ಮೆತ್ತಿದ ಮುಖ ಹೊತ್ತು ಹೊರಗೆ ಬಂದ. ತುಂಡಾದ ಬೀಗ ನೋಡಿದ, ಹೆಂಡತಿಯ ಬೆರಳು ನೋಡಿದ. ಆಮೇಲೆ ಮೆಲ್ಲಗೆ ಅವಳ ಕೈ ಹಿಡಿದ.

"ಬಂದೆ ಕಣೇ. ಹೊರಗೇ ಇದ್ದೀನಿ ನೋಡು. ಬೆರಳು ತೆಗಿ."

ಅವಳು ಆ ಕೈ ಕೊಡವಿದಳು.

"ಮುಟ್ಟಬೇಡಿ. ಹಾಕಿದೋಳು ನಾನು, ನಾನೇ ತೆಗೀತೀನಿ," ಎಂದಳು. ಬೆರಳು ಮಾತ್ರ ಅಲ್ಲೇ ಇತ್ತು.