ಸುದ್ದಿ ಒಯ್ಯುವ ಕಂಡಕ್ಟರು

ಅರವತ್ತರ ದಶಕದಲ್ಲಿ ನಾನು ಹೊಸನಗರದ ಡಾಕ್ಟರೊಬ್ಬರ ಬಳಿ ಕಾಂಪೌಂಡರ್ ಆಗಿದ್ದೆ. ಆಗ ಸಾಗರ–ತೀರ್ಥಹಳ್ಳಿ ಬಸ್ಸಿನ ಕಂಡಕ್ಟರೇ ಊರೂರಿಗೆ ಸುದ್ದಿ ಮುಟ್ಟಿಸುತ್ತಿದ್ದರು. "ಹಸು ಕರು ಹಾಕ್ತು ಅಂತ ತಂಗಿಗೆ ಹೇಳಿ" ಎಂದರೆ, ಬಾಯಿಂದ ಸೀಟಿ ತೆಗೆದು "ತಲುಪ್ತದೆ" ಎನ್ನುತ್ತಿದ್ದರು. ಚೀಟಿ ಕೊಟ್ಟರೆ ಸಿಟ್ಟು. "ತಲೆ ಇರೋದು ಯಾತಕ್ಕೆ?"

ಒಮ್ಮೆ "ಅಮ್ಮಂಗೆ ಕಾಯಿಲೆ ಜೋರು, ಬೇಗ ಬಾ" ಎಂಬ ಸುದ್ದಿಯನ್ನು ಬೇರೆ ಮನೆಗೆ ಹೇಳಿಬಿಟ್ಟರು. ನಿಜವಾದ ಮಗಳು ಬರುವಷ್ಟರಲ್ಲಿ ಅಮ್ಮ ತೀರಿಹೋಗಿದ್ದರು. ಕಂಡಕ್ಟರು ಆ ಮಗಳೆದುರು ನಿಂತು "ತಪ್ಪು ನಂದು" ಅಂದವರು, ನೇರ ನಮ್ಮಲ್ಲಿಗೆ ಬಂದರು. "ಈಚೆಗೆ ಮರೀತಿದೀನಿ ಡಾಕ್ಟ್ರೇ."

ಡಾಕ್ಟರು ರಟ್ಟೆಗೆ ಪಟ್ಟಿ ಸುತ್ತಿ ನೋಡಿದರು. "ಬಿಪಿ ತುಂಬಾ ಏರಿದೆ. ಹೀಗೇ ಬಿಟ್ರೆ ನೆನಪನ್ನೂ ತಿಂತದೆ. ಮಾತ್ರೆ ತಪ್ಪಿಸ್ಬೇಡಿ. ಉಪ್ಪು ಕಮ್ಮಿ, ಮಿಡಿ ಉಪ್ಪಿನಕಾಯಿ ಬಂದ್. ಹೆಂಡತಿಗೆ ಹೇಳಿ."

ಮಿಡಿಯಿಲ್ಲದೆ ಅವರಿಗೆ ತುತ್ತು ಇಳಿಯದೆಂದು ಊರಿಗೇ ಗೊತ್ತಿತ್ತು. ನಾನು ಚೀಟಿ ಬರೆಯಹೋದರೆ ಕೈ ತಡೆದರು. "ತಲುಪ್ತದೆ."

ನಂಬಿಕೆ ಬರದೆ ಮರುದಿನ ಮಧ್ಯಾಹ್ನ ಬಸ್ ಸ್ಟ್ಯಾಂಡಿಗೆ ಹೋದೆ. ಸಪ್ಪೆ ಮಜ್ಜಿಗೆಯನ್ನವನ್ನು ಮುಖ ಕಿವುಚಿಕೊಂಡು ನುಂಗುತ್ತಿದ್ದರು. ನನ್ನನ್ನು ಕಂಡು ಜೇಬಿನಿಂದ ಹೊಸ ನೋಟ್‌ಬುಕ್ ತೆಗೆದು ಮೊದಲ ಸಾಲು ತೋರಿಸಿದರು. ಅವರದೇ ಅಕ್ಷರ: "ಮನೆಗೆ ಹೇಳುವುದು. ಮಿಡಿ ಬಂದ್." ಪಕ್ಕದಲ್ಲೇ ಬರೆದಿತ್ತು: "ತಲುಪಿತು."