ಮೊದಲೇ ತೀರಿಸಿದ ಹರಕೆ

ಶಿವನನ್ನು ನಂಬಿದ ಅಕ್ಕತಂಗಿಯರೆ, ಅಣ್ಣತಮ್ಮಂದಿರೆ, ಹೋದ ವರ್ಷ ಆಷಾಢದಲ್ಲಿ ನನ್ನ ಎಡಗಾಲು ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ನಾನು ಕೊರವಂಗಲದ ಜಯಮ್ಮ, ವಯಸ್ಸು ಅರವತ್ತೆಂಟು. ಅಂಗನವಾಡಿಯಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಇಪ್ಪತ್ತು ಹೆಜ್ಜೆ ಇಟ್ಟರೆ ಮೀನಖಂಡ ಹಿಂಡಿದ ಹಾಗಾಗುತ್ತಿತ್ತು, ನಿಂತರೆ ಬಿಡುತ್ತಿತ್ತು. ವಯಸ್ಸಾಯಿತಲ್ಲ ಅಂತ ಎಣ್ಣೆ ತಿಕ್ಕಿಕೊಂಡು ಸುಮ್ಮನಿದ್ದೆ.

ಒಂದು ದಿನ ಕಾಲು ತೊಳೆಯುವಾಗ ನನ್ನ ಓರಗಿತ್ತಿ ಪುಟ್ಟಮ್ಮ ನೋಡಿದಳು. ಗಂಡಂದಿರು ತೀರಿಕೊಂಡ ಮೇಲೆ ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ.

"ಅಕ್ಕಾ, ಎಬ್ಬೆಟ್ಟು ಕಪ್ಪಗಾಗೈತೆ ಕಣಕ್ಕಾ! ಗಾಯ ಆಗಿರದು ಗೊತ್ತಾಗ್ನಿಲ್ವಾ?"

ಗೊತ್ತಾಗಿರಲಿಲ್ಲ. ಮುಟ್ಟಿದರೆ ಪಾದ ತಣ್ಣಗಿತ್ತು.

ಅವತ್ತೇ ಬಸ್ಸು ಹತ್ತಿ ಹಾಸನದ ಆಸ್ಪತ್ರೆಗೆ ಹೋದೆವು. "ಕಾಲಿಗೆ ರಕ್ತ ಸರಿಯಾಗಿ ಹರೀತಿಲ್ಲ. ರಕ್ತನಾಳ ಪೂರ್ತಿ ಮುಚ್ಚಿದ್ರೆ ಬೆರಳು ಉಳಿಯೋದು ಕಷ್ಟ," ಅಂದ ಡಾಕ್ಟರಮ್ಮ ಮಾರನೆಯ ದಿನ ಸ್ಕ್ಯಾನಿಗೆ ಬರಲು ಹೇಳಿದರು. ಬೆರಳು ಹೋದರೆ ಹೋಗಲಿ, ಪುಟ್ಟಮ್ಮನಿಗೆ ಹೊರೆಯಾಗಿಬಿಡುತ್ತೇನಲ್ಲ ಅಂತ ಬಸ್ಸಿನಲ್ಲಿ ಸೆರಗು ಮುಚ್ಚಿಕೊಂಡು ಅತ್ತೆ. ಊರಲ್ಲಿ ಇಳಿದವಳೇ ಅವಳ ಭುಜ ಹಿಡಿದು ಬೂಚೇಶ್ವರನ ಗುಡಿಗೆ ಹೋದೆ. "ಕಾಲು ಉಳಿಸಪ್ಪಾ. ವಾಸಿಯಾದ್ಮೇಲೆ ದಿನಾ ಅನ್ನೊಂದು ಸುತ್ತು ಬತ್ತೀನಿ" ಅಂತ ಹರಕೆ ಹೊತ್ತೆ.

ಸ್ಕ್ಯಾನಿನಲ್ಲಿ ನಾಳ ಕಿರಿದಾಗಿತ್ತು, ಮುಚ್ಚಿರಲಿಲ್ಲ. ಡಾಕ್ಟರಮ್ಮ ಮಾತ್ರೆ ಬರೆದುಕೊಟ್ಟು, "ಎಲೆಅಡಿಕೆ ಜೊತೆ ಹಾಕ್ಕೊಳ್ಳೋ ಹೊಗೆಸೊಪ್ಪು ಇವತ್ತೇ ಬಿಡಿ. ಗಾಯ ಮಾಗಿದ ಮೇಲೆ ದಿನಾ ನಡೀಬೇಕು. ನೋವು ಬಂದ್ರೆ ಕೂತ್ಕೊಳ್ಳಿ, ಹೋದ್ಮೇಲೆ ಎದ್ದು ಮತ್ತೆ ನಡೀರಿ. ನಡೆಯೋದೇ ನಿಮ್ಮ ಕಾಲಿಗೆ ದೊಡ್ಡ ಔಷಧಿ," ಅಂದರು.

ಪುಟ್ಟಮ್ಮ ಆಸ್ಪತ್ರೆ ಅನ್ನುವುದನ್ನೂ ಮರೆತು ನಕ್ಕುಬಿಟ್ಟಳು. "ವಾಸಿಯಾದ್ಮೇಲೆ ಸುತ್ತು ಬತ್ತೀನಿ ಅಂದೆ. ನೀನು ಮೊದ್ಲು ಸುತ್ತು ಬಾ, ಆಮೇಲೆ ವಾಸಿ ಮಾಡ್ತೀನಿ ಅಂತಾವ್ನಲ್ಲಕ್ಕಾ ಸ್ವಾಮಿ!"

ನನ್ನ ಜೊತೆ ಅವಳೂ ಹೊಗೆಸೊಪ್ಪು ಬಿಟ್ಟಳು. ಒಂದು ವಾರ ಇಬ್ಬರೂ ಸುಮ್ಮಸುಮ್ಮನೆ ಜಗಳವಾಡಿದೆವು. ಗಾಯ ಮಾಗಲು ಎರಡು ತಿಂಗಳಾಯಿತು. ಆಮೇಲೆ ಗುಡಿ ಸುತ್ತಲು ಹೊರಟರೆ ಮೊದಲ ದಿನ ಅರ್ಧ ಸುತ್ತಿಗೇ ಕೂತೆ. ಅವಳೂ ಪಕ್ಕದಲ್ಲಿ ಕೂತಳು.

"ನಿಂಗೇನೇ ನೋವು?"

"ನೀನಿಲ್ ಕೂತ್ರೆ ನಾನೊಬ್ಳೇ ಎಲ್ಲಿಗೋಗ್ಲಿ?"

ಹೀಗೇ ಕೂತು, ಎದ್ದು, ಕಾರ್ತೀಕದ ಹೊತ್ತಿಗೆ ಐದು ಸುತ್ತು ಬಂದೆ. ಶಿವರಾತ್ರಿಯ ದಿನ ಹನ್ನೊಂದನ್ನೂ ಎಲ್ಲೂ ಕೂರದೆ ಮುಗಿಸಿದೆ. ಮುಂದಿನ ಸಲ ಹಾಸನಕ್ಕೆ ಹೋದಾಗ ಡಾಕ್ಟರಮ್ಮ ಪಾದ ಹಿಡಿದು ನೋಡಿ, "ಬೆಚ್ಚಗಿದೆಯಲ್ಲಮ್ಮ!" ಅಂದರು. ನನ್ನ ಕಣ್ಣು ತುಂಬಿ ಬಂತು.

ನನ್ನ ಹಾಗೆ ಕಾಲು ನೋಯುವವರು ವಯಸ್ಸಿನ ಮೇಲೆ ಹಾಕಿ ಕೂರಬೇಡಿ, ಮೊದಲು ತೋರಿಸಿಕೊಳ್ಳಿ. ಸ್ವಾಮಿ ನನಗೆ ಡಾಕ್ಟರಮ್ಮನ ಬಾಯಲ್ಲಿ ದಾರಿ ಹೇಳಿದ, ಆ ದಾರಿಯಲ್ಲಿ ಜೊತೆಗೆ ಪುಟ್ಟಮ್ಮನನ್ನು ಕೊಟ್ಟ. ಈಗ ಅವನ ಮುಂದೆ ನಿಂತರೆ ಬೇಡಿಕೊಳ್ಳುವುದಕ್ಕೆ ಏನೂ ತೋಚುವುದಿಲ್ಲ. "ಇಬ್ರೂ ಬಂದಿದ್ದೀವಪ್ಪಾ," ಅಂತ ಹೇಳಿ ಕೈ ಮುಗಿಯುತ್ತೇನೆ.